ಬಿಳಿ ಬಟ್ಟೆಯ ಮೇಲೆ ಹನ್ನೆರಡು ಬಟ್ಟಲು

ಫೆಬ್ರವರಿ 3

ಅಕ್ಕಾ,

ನಿನ್ನ ಪೊಟ್ಟಣಗಳು ತಲುಪಿದವು. ಅಂಚೆಯವನು ಈ ಸಲವೂ ಮೂಸಿ ನೋಡಿ, "ಏನಮ್ಮಾ, ನಿಮ್ಮಕ್ಕ ತಿಂಗಳಾ ತಿಂಗಳಾ ಸೊಪ್ಪು ಸದೆ ಕಳಿಸ್ತಾರಲ್ಲ, ಔಷಧೀನಾ?" ಅಂತ ಕೇಳಿದ. "ಹೌದಪ್ಪಾ, ಅಧಿಕಪ್ರಸಂಗಕ್ಕೆ ಔಷಧಿ. ಒಂದು ಚಮಚ ಕೊಡ್ಲಾ?" ಅಂದೆ. ನಗುತ್ತಾ ಸೈಕಲ್ ಹತ್ತಿದ.

ಹೆಸರು ಬರೆಯದ ನಾಲ್ಕು ಪೊಟ್ಟಣ ನೀನು ಕಳಿಸುವುದು, ಮೂಸಿ ನೋಡಿ ಇಂಥದ್ದು ಅಂತ ನಾನು ಬರೆಯುವುದು. ಇಬ್ಬರಿಗೂ ಐವತ್ತು ದಾಟಿದರೂ ಈ ಆಟ ಬಿಟ್ಟಿಲ್ಲ ನೋಡು. ಉತ್ತರ ಬರೆದುಕೋ. ಒಂದನೆಯದು ಚಹಾ, ಎತ್ತರದ ಗುಡ್ಡದ್ದು, ಕೊಯ್ದು ಎರಡು ವರ್ಷವಾಗಿದೆ, ದಾರಿಯಲ್ಲಿ ಎಲ್ಲೋ ತೇವ ತಾಕಿದೆ. ಎರಡನೆಯದು ಕಾಫಿ ಬೀಜವಲ್ಲ, ಕಾಫಿ ಹಣ್ಣಿನ ಒಣ ಸಿಪ್ಪೆ. ಮೂರನೆಯದು ಕೋಕೋ ಬೀಜದ ಹೊಟ್ಟು. ನಾಲ್ಕನೆಯದು ಹೊಗೆಯಲ್ಲಿ ಒಣಗಿಸಿದ ಆ ದೂರದೇಶದ ಎಲೆ, ಹಿಂದೆಯೂ ಒಂದು ಸಲ ಕಳಿಸಿದ್ದೆ. ಎಲ್ಲದರಲ್ಲೂ ಕೆಫೀನ್ ಇದೆ ಅಂತ ನೀನು ಬರೆದಿದ್ದೀಯ. ಇರಲಿ ಬಿಡು. ಕುಡಿದರೆ ತಾನೇ ಕೈ ನಡುಗುವುದು? ಮೂಸಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಇಲ್ಲಿಯೂ ನನ್ನ ಮೂಗಿನದೇ ಕಾರುಬಾರು. ಹೆರಿಗೆ ವಾರ್ಡಿನ ಚಾದರ ಯಾವುದು, ಜ್ವರದ ವಾರ್ಡಿನದು ಯಾವುದು ಅಂತ ಒಗೆದ ಮೇಲೂ ಹೇಳಿಬಿಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಗುಬ್ಬಿಗೆ ಇಪ್ಪತ್ತು ತುಂಬಿತು. ನನ್ನ ಜೊತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಬಾ, ಮೇಸ್ತ್ರಿಗೆ ಹೇಳಿಟ್ಟಿದ್ದೇನೆ ಅಂದರೆ ಕೇಳಳು. "ನಾನು ದೊಡ್ಡಮ್ಮನ ಮೇಜಿಗೇ ಹೋಗೋದು. ಗೋದಾಮಲ್ಲಿ ಚಹಾ ರುಚಿ ನೋಡೋ ಕೆಲಸಾನೇ ಕಲಿಯೋದು" ಅಂತ ಒಂದೇ ಹಟ. ನಿನ್ನ ನಂತರ ಆ ಮೇಜಿಗೆ ಒಬ್ಬರನ್ನು ಗೊತ್ತುಮಾಡಬೇಕು ಅಂತ ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ಅವಳಿಗೆ ಓದಿ ಹೇಳಿದ್ದೇ ತಪ್ಪಾಯಿತು.

ಅವಳಿಗೆ ಬಂದಿರುವುದು ನನ್ನ ರಕ್ತ. ಹುಟ್ಟಿದಾಗಿನಿಂದ ಒಂದು ಹನಿ ಚಹಾ ಕಾಫಿ ಅವಳ ನಾಲಗೆಗೆ ತಾಗಿಸಿಲ್ಲ. ಅಲ್ಲಿ ಎಲ್ಲರೆದುರು ಕೈ ನಡುಗಿಸಿ, ಬಟ್ಟೆ ತುಂಬಾ ಚೆಲ್ಲಿ, ಒಂದು ಅಡ್ಡಹೆಸರು ಹೊತ್ತುಕೊಂಡು ಬರುವುದು ನನಗೆ ಬೇಡ. ನಾನು ಹೊತ್ತದ್ದು ಸಾಕು. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳಳು, ನೀನು ಹೇಳಿದರೆ ವೇದವಾಕ್ಯ. "ನಿನ್ನ ಕೈಲಿ ಆಗಲ್ಲ ಮಗಳೇ" ಅಂತ ಒಂದು ಸಾಲು ಬರೆದುಬಿಡು. ಅಷ್ಟು ಮಾಡು.

ನಿನ್ನ
ನಡುಕಲಮ್ಮ


ಫೆಬ್ರವರಿ 21

ನಡುಕಲಮ್ಮಾ,

ನಾಲ್ಕಕ್ಕೆ ನಾಲ್ಕೂ ಸರಿ. ಎಂಟು ವರ್ಷದಿಂದ ನೀನು ಒಂದೂ ತಪ್ಪಿಲ್ಲ. ಆದರೆ ಒಂದು ಮಾತು ಕೇಳಲಾ? ಮೊದಲೆಲ್ಲ ನೀನು ಹೀಗೆ ಬರೆಯುತ್ತಿರಲಿಲ್ಲ. "ಇದು ಅಪ್ಪನ ಕೋಟಿನ ಜೇಬು", "ಇದು ನಾವಿಬ್ಬರೂ ಬಚ್ಚಿಟ್ಟುಕೊಳ್ಳುತ್ತಿದ್ದ ಮೂಟೆಗಳ ಸಂದಿ" ಅಂತ ಬರೆದು, ಆಮೇಲೆ ಎಲೆಯ ಹೆಸರು ಹೇಳುತ್ತಿದ್ದೆ. ಈಗ ಔಷಧಿ ಚೀಟಿಯ ಹಾಗೆ ಒಂದು, ಎರಡು, ಮೂರು ಅಂತ ಬರೆದು ಮುಗಿಸುತ್ತೀಯ. ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದುಕೊಂಡೇ ಎಂಟು ವರ್ಷ ಕಳೆದೆ. ಕೇಳಲು ಧೈರ್ಯ ಸಾಲಲಿಲ್ಲ.

ಈ ಕೆಫೀನ್ ವಿಷಯದಲ್ಲಿ ಒಬ್ಬೊಬ್ಬರ ಮೈ ಒಂದೊಂದು ಥರ ಕಣೇ. ನನ್ನ ಎಡಗಡೆ ಕೂರುವ ಹಿರಿಯ ಬೆಳಗ್ಗೆಯಿಂದ ನಲವತ್ತು ಬಟ್ಟಲು ನೋಡಿ, ಊಟ ಮಾಡಿ, ಮೂಟೆಗೊರಗಿ ಗೊರಕೆ ಹೊಡೆಯುತ್ತಾನೆ. ಬಾಯಿಗೆ ಹಾಕಿಕೊಂಡದ್ದನ್ನು ಡಬ್ಬಕ್ಕೆ ಉಗುಳುತ್ತೇವೆ ನಿಜ, ಆದರೂ ಒಂದಿಷ್ಟು ಒಳಗೆ ಇಳಿದೇ ಇಳಿಯುತ್ತದೆ. ಬಾಗಿಲು ಕಾಯುವವನು ಬೀಡಿ ಸೇದುವವನು, ಅವನಿಗೆ ಎಷ್ಟು ಕುಡಿದರೂ ಏನೂ ಆಗುವುದಿಲ್ಲ. ತೂಕ ಹಾಕುವವಳಿಗೆ ಅರ್ಧ ಲೋಟ ಕೊಟ್ಟರೆ ಸಾಯಂಕಾಲದವರೆಗೆ ಬಾಯಿಗೆ ಬೀಗವಿಲ್ಲ. ಅವಳು ಬಸುರಿಯಾಗಿದ್ದಾಗಲಂತೂ ಬೆಳಗಿನ ಒಂದು ಗುಟುಕು ಸಂಜೆಯಾದರೂ ಮೈಯಿಂದ ಇಳಿಯುತ್ತಿರಲಿಲ್ಲವಂತೆ.

ಅಮ್ಮನ ಮೈಗುಣವೇ ಮಗಳಿಗೆ ಬರಬೇಕು ಅಂತ ಎಲ್ಲಿದೆ? ಅದಿರಲಿ, ನಿನ್ನ ಮೈಯಾದರೂ

(ಇಲ್ಲಿ ಎರಡು ಸಾಲು ಹೊಡೆದುಹಾಕಿದ್ದೇನೆ. ಶಾಯಿ ಚೆಲ್ಲಿತ್ತು.)

ಮೇ ತಿಂಗಳ ಕೊನೆಯೊಳಗೆ ನಾನು ಹೆಸರು ಕೊಡಬೇಕು. ಅಲ್ಲಿಯವರೆಗೆ ಗುಬ್ಬಿಯ ಬಾಯಿ ಮುಚ್ಚಿಸಬೇಡ. ನಾನು ಕ್ಷೇಮ. ಸ್ವಲ್ಪ ಆಯಾಸ, ವಯಸ್ಸಾಯಿತಲ್ಲ, ಅಷ್ಟೇ.

ಅಕ್ಕ


ಮಾರ್ಚ್ 6

ಅಕ್ಕಾ,

ನಾನು ಕೇಳಿದ್ದು ಒಂದು ಸಾಲು. ನೀನು ಬರೆದದ್ದು ಗೋದಾಮಿನವರ ಪುರಾಣ. ಬೀಡಿಯವನು ಹಾಗೆ, ಬಸುರಿ ಹೀಗೆ. ಗುಬ್ಬಿ ಅದನ್ನು ಓದಿ, "ನೋಡಿದ್ಯಾ ಅಮ್ಮ, ಅಮ್ಮಂದೇ ಮಗಳಿಗೆ ಬರಬೇಕು ಅಂತಿಲ್ಲ ಅಂತ ದೊಡ್ಡಮ್ಮಾನೇ ಹೇಳಿದಾರೆ" ಅಂತ ಕುಣಿದಳು. ಬೇಡ ಅಂದೆ. ಮಾತು ಬೆಳೆಯಿತು. "ನೀನು ಹೆದರಿ ಬದುಕಿದೀಯ ಅಂತ ನಾನೂ ಹೆದರಿ ಬದುಕ್ಬೇಕಾ?" ಅಂದುಬಿಟ್ಟಳು. ಇವಳಪ್ಪ ತೀರಿಕೊಂಡ ಮೇಲೆ ಇವಳಿಗೋಸ್ಕರವೇ ಹಲ್ಲು ಕಚ್ಚಿ ಬದುಕಿದವಳು ನಾನು. ಹೊಡೆದೆ ಅಕ್ಕಾ. ಇಪ್ಪತ್ತು ವರ್ಷದ ಮಗಳಿಗೆ ಹೊಡೆದೆ. ಹನ್ನೊಂದು ದಿನವಾಯಿತು, ಒಂದೇ ಮನೆಯಲ್ಲಿ ಎರಡು ಮೂಕಪ್ರಾಣಿಗಳ ಹಾಗಿದ್ದೇವೆ.

ನಿನಗೆ ಆ ದಿನ ಮರೆತಿದೆಯೋ ಏನೋ. ಗೆದ್ದವರಿಗೆ ಮರೆವು ಬೇಗ. ನನಗೆ ಹನ್ನೆರಡು, ನಿನಗೆ ಹದಿನಾಲ್ಕು. ಅಪ್ಪ ತಕ್ಕಡಿಯಲ್ಲಿ ಸಮಸಮ ಎಲೆ ತೂಗಿ ಎರಡು ಕೆಟಲಿಗೆ ಹಾಕಿದರು. ಬೆಳಗ್ಗೆ ಹತ್ತಕ್ಕೆ ಒಂದೊಂದು ಕೆಟಲು ಪೂರ್ತಿ ಕುಡಿಯಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹೊಸದಾಗಿ ಕಾಸಿದ ಚಹಾವನ್ನು ಬಿಳಿ ಬಟ್ಟೆಯ ಮೇಲೆ ಅಂಚಿಗೆ ಅಂಚು ತಾಗಿಸಿಟ್ಟ ಹನ್ನೆರಡು ಬಟ್ಟಲಿಗೆ ಒಂದು ಹನಿಯೂ ಚೆಲ್ಲದಂತೆ ಸುರಿಯಬೇಕು. ಅವರಪ್ಪ ಅವರನ್ನು ಹಾಗೇ ಆರಿಸಿದ್ದು. ಮೇಜು ಒಬ್ಬರಿಗೆ ಮಾತ್ರ, ಇನ್ನೊಬ್ಬಳು ಅತ್ತೆಯ ಜೊತೆ ಆಸ್ಪತ್ರೆ ಊರಿಗೆ. ನೀನು ಸುರಿದೆ, ಬಟ್ಟೆ ಬೆಳ್ಳಗೇ ಉಳಿಯಿತು. ನಾನು ಕೆಟಲು ಎತ್ತಿದರೆ ಕೈ ನನ್ನದಲ್ಲ. ಮೂರನೇ ಬಟ್ಟಲಿಗೆ ಬರುವಷ್ಟರಲ್ಲಿ ಬಟ್ಟೆಯೆಲ್ಲ ಕಂದು. ಅಪ್ಪ ನಗುತ್ತಾ, "ಏನೇ ನಡುಕಲಮ್ಮಾ, ಮೂಗು ನನಗಿಂತ ಚುರುಕು, ಆದ್ರೆ ಮೂಗೊಂದಿದ್ರೆ ಸಾಲ್ದಲ್ಲೇ, ಮೈ ತಡೀಬೇಕು" ಅಂದರು. ಆ ವಾರವೇ ಅತ್ತೆ ನನ್ನ ಗಂಟು ಕಟ್ಟಿಸಿದರು. ಅಪ್ಪನನ್ನು ಆಮೇಲೆ ಎಷ್ಟು ಸಲ ನೋಡಿದೆ? ಬೆರಳಲ್ಲಿ ಎಣಿಸಬಹುದು.

ಆ ಬಟ್ಟಲುಗಳ ಮುಂದೆ ನನ್ನ ಮಗಳು ನಿಲ್ಲಬಾರದು. ಅಥವಾ ನಿನ್ನ ಮೇಜಿಗೆ ಬಟ್ಟೆ ಒಗೆಯುವವಳ ಮಗಳು ಬಂದರೆ ಮರ್ಯಾದೆಗೆ ಕಡಿಮೆ ಅಂತ ಸುತ್ತಿ ಬಳಸಿ ಬರೆಯುತ್ತಿದ್ದೀಯೋ? ಹಾಗಿದ್ದರೆ ಹಾಗಂತಲೇ ಬರೆ. ನನಗೇನೂ ಬೇಜಾರಿಲ್ಲ.

ನಡುಕಲಮ್ಮ


ಏಪ್ರಿಲ್ 14

ತಂಗೀ,

ಆ ಅಡ್ಡಹೆಸರಿನಿಂದ ಇನ್ನು ಕರೆಯಲಾರೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೇ ಐದು ವಾರ ಬೇಕಾಯಿತು.

ಆ ದಿನ ನನಗೆ ಮರೆತಿಲ್ಲ. ಅಪ್ಪ ಎಲೆ ತೂಗಿ ಹಾಕಿ, ಕುದಿವ ನೀರು ಸುರಿಯುವ ಕೆಲಸ ನನಗೆ ಹೇಳಿ, ಹೊರಗೆ ಬಂದಿದ್ದ ವ್ಯಾಪಾರಿಯನ್ನು ಮಾತಾಡಿಸಲು ಹೋದರು. ನೀನು ಹಿತ್ತಲಲ್ಲಿ ಬಟ್ಟಲು ತೊಳೆಯುತ್ತಿದ್ದೆ. ನಾನು ನನ್ನ ಕೆಟಲಿನ ಎಲೆಯನ್ನು ತೆಗೆದು ನಿನ್ನ ಕೆಟಲಿಗೆ ಹಾಕಿದೆ. ನನ್ನದರಲ್ಲಿ ಬಣ್ಣಕ್ಕೆ ಸುಟ್ಟ ಸಕ್ಕರೆ. ಆ ಕ್ಷಣದ ಬುದ್ಧಿ ಅಂತ ಹೇಳಿದರೆ ಸುಳ್ಳಾಗುತ್ತದೆ, ಸಕ್ಕರೆಯನ್ನು ಹಿಂದಿನ ದಿನವೇ ಸುಟ್ಟು ಕಾಗದದಲ್ಲಿ ಕಟ್ಟಿಟ್ಟಿದ್ದೆ. ನೀನು ಕುಡಿದದ್ದು ನಿನ್ನ ಪಾಲಿನ ಒಂದರಷ್ಟಲ್ಲ, ಎರಡರಷ್ಟು. ಹನ್ನೆರಡು ವರ್ಷದ ಕಡ್ಡಿಯಂಥ ಮೈಗೆ. ಆ ಪಾಟಿ ಕುಡಿದರೆ ದೊಡ್ಡವರ ಕೈಯೂ ನಡುಗುತ್ತಿತ್ತು. ಕಹಿಗೆ ಮುಖ ಹಿಂಡಿದರೂ ನೀನು ಒಂದು ಮಾತಾಡದೆ ಪೂರ್ತಿ ಕುಡಿದೆ.

ನಿಜವಾಗಿ ತಡೆಯದ ಮೈ ನನ್ನದು. ಅದಕ್ಕೆ ಒಂದು ತಿಂಗಳು ಮೊದಲು ಕದ್ದು ಅರ್ಧ ಲೋಟ ಕುಡಿದು ಇಡೀ ದಿನ ಒದ್ದಾಡಿದ್ದೆ. ಪರೀಕ್ಷೆಯಲ್ಲಿ ಸೋಲುತ್ತೇನೆ ಅಂತ ಗೊತ್ತಿತ್ತು. ಅಮ್ಮ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ, ಅಪ್ಪನನ್ನೂ ಮನೆಯನ್ನೂ ಬಿಟ್ಟು ಅತ್ತೆಯ ಜೊತೆ ಹೋಗಬೇಕು ಅಂದರೆ ನನಗೆ ಜೀವವೇ ಬಾಯಿಗೆ ಬರುತ್ತಿತ್ತು. ತೆಗೆದ ಎಲೆಯನ್ನು ಎಲ್ಲಿ ಹಾಕಿದರೂ ಅಪ್ಪನ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಪಕ್ಕದ ಕೆಟಲಿಗೆ ಹಾಕಿದೆ ಅಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದೂ ಅರ್ಧ ಸುಳ್ಳು. ನೀನೂ ಗೆದ್ದರೆ, ಆ ಮೂಗಿಗೆ ಅಪ್ಪ ನಿನ್ನನ್ನೇ ಇಟ್ಟುಕೊಳ್ಳುತ್ತಾರೆ ಅಂತಲೂ ಗೊತ್ತಿತ್ತು.

ಮಾರ್ಚ್‌ನಲ್ಲಿ ಮೇಜಿನ ಮುಂದೆಯೇ ಬಿದ್ದೆ. ಅದನ್ನು ನಿನಗೆ ಬರೆದಿರಲಿಲ್ಲ. ಹೃದಯದ ಬಡಿತ ತಾಳ ತಪ್ಪಿದೆಯಂತೆ. ಡಾಕ್ಟರು, "ಏನ್ ಕೆಲಸ ನಿಮ್ದು?" ಅಂತ ಕೇಳಿದರು. ಹೇಳಿದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಕೆಲವರ ಮೈ ಇದನ್ನ ಮೂರ್ನಾಲ್ಕು ಗಂಟೇಲಿ ಕರಗಿಸಿ ಹೊರಗೆ ಹಾಕುತ್ತೆ ಕಣಮ್ಮಾ, ನಿಮ್ಮಂಥವರದು ಇಡೀ ದಿನ ಹಿಡ್ಕೊಂಡಿರುತ್ತೆ. ಹುಟ್ಟಿನಿಂದ ಬಂದಿದ್ದು. ಇಷ್ಟು ವರ್ಷ ಹೇಗ್ರೀ ತಡ್ಕೊಂಡ್ರಿ?" ಅಂದರು. ಹೇಗೆ ಅಂತ ಹೇಳಲಿ? ಕದ್ದ ಜಾಗ ಬಿಟ್ಟು ಎದ್ದರೆ ಕದ್ದದ್ದು ಗೊತ್ತಾಗುತ್ತದೆ ಅಂತ ಕೂತೆ. ನಲವತ್ತೊಂದು ವರ್ಷ ಸರಿಯಾಗಿ ನಿದ್ದೆ ಮಾಡಿಲ್ಲ. ಅಯ್ಯೋ ಅನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಗುಬ್ಬಿ ಹೆದರಬೇಕಾದ್ದು ಏನೂ ಇಲ್ಲ ಅಂತ ನಿನಗೆ ತಿಳಿಯಬೇಕು. ನಿನ್ನ ರಕ್ತದಲ್ಲಿ ನಡುಕ ಇಲ್ಲ ಕಣೇ. ನಡುಕ ಇಟ್ಟವಳು ನಾನು.

ಅವಳನ್ನು ಕಳಿಸಿಕೊಡು. ನಿನ್ನ ಬಾಯಿಗೆ ಬಂದದ್ದು ಬೈದು ಬರೆ. ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ.

ಅಕ್ಕ


ಮೇ 2

ತಂಗೀ,

ಪತ್ರ ತಲುಪಿತೋ ಇಲ್ಲವೋ. ಅಂಚೆಯವರನ್ನು ವಿಚಾರಿಸಿದೆ, ತಲುಪಿಯೇ ಇರುತ್ತದೆ ಅಂದರು. ಹಾಗಾದರೆ ನಿನ್ನ ಮೌನವೇ ಉತ್ತರ. ನ್ಯಾಯವಾದ ಉತ್ತರ.

ಮೇಜಿನಲ್ಲಿ ಈಗ ಬರೀ ಮೂಸಿ ನೋಡುತ್ತೇನೆ, ನಾಲಗೆಗೆ ಮುಟ್ಟಿಸುವುದಿಲ್ಲ. ಎಡಗಡೆಯ ಹಿರಿಯ, "ಏನಮ್ಮಾ, ಉಪವಾಸಾನಾ?" ಅಂತ ರೇಗಿಸುತ್ತಾನೆ. ಗೋದಾಮಿನ ಯಜಮಾನರು ತಮ್ಮ ಕಡೆಯವನೊಬ್ಬನ ಹೆಸರು ಹೇಳುತ್ತಿದ್ದಾರೆ. ಅವನಿಗೆ ಹುಲ್ಲಿಗೂ ಚಹಾಕ್ಕೂ ವ್ಯತ್ಯಾಸ ತಿಳಿಯದು. ಮೂವತ್ತೊಂದರವರೆಗೆ ತಡೆದು ನಿಲ್ಲಿಸಿದ್ದೇನೆ.

ಅಕ್ಕ


ಮೇ 17

ತಂಗೀ,

ಬೇರೇನೂ ಕೇಳುವುದಿಲ್ಲ. ಇದರ ಜೊತೆ ಒಂದೇ ಪೊಟ್ಟಣ ಇದೆ, ಆಟಕ್ಕಲ್ಲ. ನಮ್ಮ ಅಪ್ಪ ಯಾವಾಗಲೂ ಕುಡಿಯುತ್ತಿದ್ದ ಚಹಾ, ಅವತ್ತು ನಮಗೆ ತೂಗಿದ್ದೂ ಇದೇ ತೋಟದ್ದು. ಒಬ್ಬರ ಪಾಲಿನಷ್ಟು ತೂಗಿ ಕಳಿಸಿದ್ದೇನೆ. ಸರಿಯಾಗಿ ಒಂದು ಪಾಲು. ಒಂದು ಸಲ ಕುಡಿದು ನೋಡು. ನಿನ್ನ ಮೂಗಿಗೆ, ನಾಲಗೆಗೆ ಅದು ಹೇಗಿತ್ತು ಅಂತ ಒಂದು ಸಾಲು ಬರೆ. ಅದನ್ನು ಓದಿಕೊಂಡು ನಾನು ಈ ಮೇಜು ಬಿಟ್ಟೇಳುತ್ತೇನೆ.

ಅಕ್ಷರ ಸೊಟ್ಟಗಿದೆ. ಈಗ ಕೈ ನಡುಗುವುದು ನನ್ನದು.

ಅಕ್ಕ


ಮೇ 27

ಅಕ್ಕಾ,

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ತಂದವಳನ್ನು ಮೊದಲು ಒಳಗೆ ಕರೆದು ಕೂರಿಸು, ಆಮೇಲೆ ಓದು. ಬಸ್ಸಿನಲ್ಲಿ ಅವಳು ಏನೂ ತಿಂದಿರುವುದಿಲ್ಲ.

ನಿನ್ನ ಮೂರು ಪತ್ರಕ್ಕೂ ಉತ್ತರ ಬರೆಯಲು ಕೂತೆ. ಕೂತಾಗೆಲ್ಲ ಬೈಗುಳವೇ ಬಂತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಹರಿದು ಹಾಕಿದ ಕಾಗದದಲ್ಲಿ ಒಲೆ ಹತ್ತಿಸಿ ಒಂದು ಊಟ ಬೇಯಿಸಬಹುದಿತ್ತು.

ಮೊದಲು ಒಂದು ಮಾತು. ಸುಟ್ಟ ಸಕ್ಕರೆಯ ವಿಷಯ ನನಗೆ ಅವತ್ತೇ ಗೊತ್ತಿತ್ತು. ಕುಡಿದ ಮೇಲೆ ನೀನು ನನ್ನ ಕಿವಿಯಲ್ಲಿ "ಹೆದರ್ಬೇಡ ಕಣೇ" ಅಂದೆಯಲ್ಲ, ನಿನ್ನ ಉಸಿರಲ್ಲಿ ಚಹಾ ಇರಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೇ? ಅಪ್ಪನಿಗೆ ಹೇಳಲಿಲ್ಲ. ನನ್ನ ಕೈ ನಡುಗುತ್ತಿದೆ, ನನಗಂತೂ ಮೇಜಿಲ್ಲ, ನೀನೂ ಸೋತರೆ ಅಪ್ಪನ ಹತ್ತಿರ ಯಾರೂ ಉಳಿಯುವುದಿಲ್ಲ ಅಂತ ಹನ್ನೆರಡು ವರ್ಷದ ಬುದ್ಧಿಗೆ ಹೊಳೆದಷ್ಟು ಲೆಕ್ಕ ಹಾಕಿದೆ. ನಿನ್ನ ಮೋಸವನ್ನು ಅವತ್ತೇ ಹೊಟ್ಟೆಗೆ ಹಾಕಿಕೊಂಡಿದ್ದೆ. ದೊಡ್ಡ ಮನಸ್ಸು ನನ್ನದು ಅಂತ ಒಳಗೊಳಗೇ ಬೀಗುತ್ತಲೂ ಇದ್ದೆ. ಎಲೆ ನನ್ನ ಕೆಟಲಿಗೆ ಬಿದ್ದಿತ್ತು ಅಂತ ಮಾತ್ರ ಗೊತ್ತಿರಲಿಲ್ಲ. ಎಷ್ಟು ಚಂದ ಅಲ್ಲವಾ ಅಕ್ಕಾ? ಅರ್ಧ ತಪ್ಪನ್ನು ಕ್ಷಮಿಸಿ ನಲವತ್ತೊಂದು ವರ್ಷ ಚಾದರ ಒಗೆದೆ.

ಹೋದ ಭಾನುವಾರ ನಿನ್ನ ಪೊಟ್ಟಣ ಬಿಚ್ಚಿದೆ. ಹತ್ತು ಗಂಟೆಗೆ ಕುಡಿದೆ. ಆಸ್ಪತ್ರೆಯಿಂದ ಹನ್ನೆರಡು ಔಷಧಿ ಬಟ್ಟಲು, ಒಂದು ಹಳೆಯ ಬಿಳಿ ಚಾದರ ತಂದಿದ್ದೆ. ಎರಡು ಗಂಟೆ ಸುಮ್ಮನೆ ಕೂತೆ. ಎದುರಿಗೆ ಗುಬ್ಬಿ. ಹನ್ನೆರಡಕ್ಕೆ ಅದೇ ಎಲೆಗೆ ಮತ್ತೆ ಕುದಿವ ನೀರು ಹಾಕಿ, ಕೆಟಲು ಎತ್ತಿ ಸುರಿದೆ. ಹನ್ನೆರಡೂ ತುಂಬಿದವು, ಚಾದರ ಬೆಳ್ಳಗೇ ಇತ್ತು. ನನಗೆ ನಂಬಿಕೆ ಬಾರದೆ ಮತ್ತೆ ಕೆಟಲಿಗೆ ಹಾಕಿ ಮತ್ತೆ ಸುರಿದೆ. ಹೀಗೆ ನಾಲ್ಕು ಸಲ. ಗುಬ್ಬಿ, "ಅಮ್ಮಾ, ಸಾಕು ಬಿಡಮ್ಮ" ಅಂತ ಕೈ ಹಿಡಿದುಕೊಂಡಳು. ತಿಂಗಳುಗಳ ಮೇಲೆ ನನ್ನನ್ನು ಮುಟ್ಟಿದ್ದು. ಆಗ ಅಳು ಬಂತು ಅಕ್ಕಾ, ಜೋರಾಗಿ, ಪಕ್ಕದ ಮನೆಯವರು ಬಂದು ಕೇಳುವ ಹಾಗೆ ಅತ್ತುಬಿಟ್ಟೆ. ಆಮೇಲೆ ಊಟ ಮಾಡಿ ಮಲಗಿದರೆ ಸಂಜೆ ಐದರವರೆಗೆ ಎಚ್ಚರವೇ ಇಲ್ಲ. ನಿನ್ನ ಎಡಗಡೆಯ ಹಿರಿಯನ ಹಾಗೆ ಗೊರಕೆಯಂತೆ.

ಚಹಾ ಹೇಗಿತ್ತು ಅಂತ ಬರೆಯಲು ಹೇಳಿದ್ದೆ. ಗೊತ್ತಿಲ್ಲ ಅಕ್ಕಾ. ಬಿಸಿಯಾಗಿತ್ತು. ಕಹಿ ಇತ್ತು. ಅಷ್ಟೇ.

ನನಗೆ ವಾಸನೆ ತಿಳಿಯದೆ ಎಂಟು ವರ್ಷವಾಯಿತು. ಬ್ಲೀಚಿಂಗ್ ಪುಡಿಯ ಹಬೆಯಲ್ಲಿ ಮುಖ ಇಟ್ಟುಕೊಂಡು ನಿಂತವಳಿಗೆ ಮೂಗು ಎಷ್ಟು ದಿನ ಉಳಿದೀತು? ಮೊದಲು ಹೂವು ಹೋಯಿತು, ಆಮೇಲೆ ಸೋಪು, ಆಮೇಲೆ ಎಲ್ಲವೂ. ಚಾದರದ ವಾರ್ಡು ಹೇಳುವುದು ಅಂಚಿನ ದಾರದ ಬಣ್ಣ ನೋಡಿ. ನೀನು ಕಳಿಸುವ ಪೊಟ್ಟಣಗಳನ್ನು ಮೂಸಿದ್ದು ಗುಬ್ಬಿ. ಅವಳಿಗೆ ಆಗ ಹನ್ನೆರಡು ವರ್ಷ. ಅವಳು ಹೇಳಿದಳು, ನಾನು ಬರೆದೆ. ನಿನ್ನ ಪೊಟ್ಟಣ ಬರುವುದು ನಿಂತುಹೋದರೆ ಅಂತ ಹೆದರಿ ನಿನಗೆ ಹೇಳಲಿಲ್ಲ. ಔಷಧಿ ಚೀಟಿಯ ಹಾಗೆ ಬರೆಯುತ್ತೀಯ, ಸಿಟ್ಟಾ ಅಂತ ಕೇಳಿದ್ದೆಯಲ್ಲ, ಸಿಟ್ಟಲ್ಲ ಕಣೇ. ಅಪ್ಪನ ಕೋಟು ಗುಬ್ಬಿ ನೋಡಿಲ್ಲ.

ಎಂಟು ವರ್ಷ ಒಂದೂ ತಪ್ಪದ ಮೂಗು ಅವಳದು. ಭಾನುವಾರ ಅವಳೂ ಒಂದು ಗುಟುಕು ಕುಡಿದಳು, ಹುಟ್ಟಿದ ಮೇಲೆ ಮೊದಲ ಸಲ. ಕಣ್ಣು ಮುಚ್ಚಿಕೊಂಡು ಏನೇನೋ ಹೇಳಿದಳು, ಮಳೆ ನೆನೆದ ಹಲಗೆ ಅಂದಳು, ಹಣ್ಣಿನ ಓಟೆ ಅಂದಳು. ನಾನು ಕೇಳಿಸಿಕೊಂಡೆ. ನಮ್ಮಪ್ಪ ಕುಡಿಯುತ್ತಿದ್ದ ಚಹಾದ ರುಚಿ ನನಗೆ ಸಿಕ್ಕಿದ್ದು ಅಷ್ಟು.

ಸಕ್ಕರೆಯನ್ನು ಹೊಟ್ಟೆಗೆ ಹಾಕಿಕೊಂಡ ಹಾಗೆ ಎಲೆಯನ್ನು ಹಾಕಿಕೊಳ್ಳಲು ಇನ್ನೂ ಆಗಿಲ್ಲ. ಆಗುತ್ತದೋ ಇಲ್ಲವೋ, ಗೊತ್ತಿಲ್ಲ. ಸುಳ್ಳು ಬರೆಯಲಾರೆ. ಆದರೆ ನೀನು ಮೇಜಿನ ಮುಂದೆ ಬಿದ್ದೆ ಅಂತ ಓದಿದಾಗ ಎದೆ ಧಸಕ್ಕೆಂದಿತು, ಅದೂ ಸುಳ್ಳಲ್ಲ. ಡಾಕ್ಟರು ಹೇಳಿದ್ದನ್ನು ಕೇಳು. ಮಲಗು. ಇನ್ನು ಯಾರಿಂದಲೂ ಬಚ್ಚಿಡುವುದೇನೂ ಇಲ್ಲವಲ್ಲ, ನಿದ್ದೆ ಬಂದೀತು.

ಗುಬ್ಬಿ ಪರೀಕ್ಷೆಗೆ ನಿಲ್ಲುತ್ತಾಳೆ. ಬಟ್ಟಲು ನೀನೇ ಜೋಡಿಸು, ಬಿಳಿ ಬಟ್ಟೆ ನೀನೇ ಹಾಸು, ನೀರು ನೀನೇ ಕುದಿಸು. ಎಲೆಯನ್ನು ಮಾತ್ರ ನೀನು ತೂಗಬೇಡ ಅಕ್ಕಾ. ತಕ್ಕಡಿ ಅವಳ ಕೈಗೆ ಕೊಡು.

ನಿನ್ನ
ತಂಗಿ